ನೆರಳಿನಲ್ಲಿ ನಿಂತಿದ್ದ ಕಾಡು

ನನ್ನ ಮೊದಲ ಖಾಕಿ ಪ್ಯಾಂಟು ಹೊಲಿದವರು ಹಳೇ ಹುಬ್ಬಳ್ಳಿಯ ಒಬ್ಬ ದರ್ಜಿ. ಅವರ ಅಂಗಡಿಗೆ ಬರುತ್ತಿದ್ದ ಹೆಂಗಸರೆಲ್ಲ ಕುಪ್ಪಸಕ್ಕೆ ಅಳತೆ ಕೊಟ್ಟು ಹೋಗುವವರೇ. ನಾನು ಹೋಗಿ ಪ್ಯಾಂಟು ಹೊಲಿಯಬೇಕು ಎಂದಾಗ ಅವರು ನನ್ನ ಬೆನ್ನ ಹಿಂದೆ ಯಾರಾದರೂ ಗಂಡಸು ಬಂದಿದ್ದಾನೆಯೇ ಎಂದು ಇಣುಕಿದರು.

"ಯಾರಿಗ್ರಿ?"

"ನನಗ್ರಿ, ಕಾಕಾ."

"ನಿಮಗ? ಯಾತಕ್ಕ?"

"ಅಡವ್ಯಾಗ ನೌಕರಿ ಸಿಕ್ಕೈತ್ರಿ."

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡರು. "ಹಂಗಾದ್ರ ಕಿಸೆ ದೊಡ್ಡವು ಇಡ್ತೇನಿ, ಬಾಯಾರ. ಅಡವ್ಯಾಗ ಅಂಗಡಿ ಇರೂದಿಲ್ಲ" ಅಂದರು. ಆಮೇಲೆ ತಮ್ಮ ಹೆಂಡತಿಯನ್ನು ಒಳಗಿನಿಂದ ಕರೆದು ಅಳತೆ ತೆಗೆಸಿದರು. ಅಷ್ಟು ಅನುಕೂಲವಾದ ಪ್ಯಾಂಟನ್ನು ಸರಕಾರ ಮುಂದೆಂದೂ ನನಗೆ ಕೊಡಲಿಲ್ಲ.

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯರು, ಹುಡುಗರು ಆಗಾಗ ವಿದ್ಯಾನಗರದ ನನ್ನ ಮನೆಗೆ ಬರುತ್ತಾರೆ. ಪರೀಕ್ಷೆ, ಬಡ್ತಿ, ವರ್ಗಾವಣೆಗಳ ಮಾತು ತೆಗೆಯುತ್ತಾರೆ. ಆ ವಿಷಯಗಳಲ್ಲಿ ನನ್ನಿಂದ ಕಲಿಯುವಂಥದ್ದು ಏನೂ ಇಲ್ಲ. ನನ್ನ ಹತ್ತಿರ ಇರುವುದು ಒಂದು ಗುಡ್ಡದ ಕತೆ. ಅದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಆ ಕಾಲದ ಕೆಲಸ ಹೇಗಿತ್ತೆಂದು ಹೇಳಬೇಕು. ನಾನು ಸೇರಿದಾಗ ನಮ್ಮ ಮಟ್ಟಿಗೆ ಕಾಡು ಎಂದರೆ ಸಾಗವಾನಿ. ಉಳಿದದ್ದೆಲ್ಲ ಕಳೆ. ಸಾಗವಾನಿಗೆ ಬಿಸಿಲು ಬೇಕು. ಅದರ ಮೇಲೆ ಇನ್ನೊಂದು ಮರದ ನೆರಳು ಬಿದ್ದರೆ ಸೊರಗಿ ಸಾಯುತ್ತದೆ. ಹಾಗಾಗಿ ಸುತ್ತಲಿನ ಎಲ್ಲವನ್ನೂ ಸವರಿ ಹಾಕುವುದೇ ನಮ್ಮ ದಿನಚರಿ. ನನ್ನ ಮೊದಲ ಮೇಲಧಿಕಾರಿ ಒಳ್ಳೆಯ ಮನುಷ್ಯ. ಜೀಪು ಇದ್ದರೂ ನಡೆದೇ ತಿರುಗಿಸುತ್ತಿದ್ದರು. "ಜೀಪಿನ್ಯಾಗ ಕುಂತ್ರ ರಸ್ತಾ ಕಾಣ್ತೈತಿ, ಅಡವಿ ಕಾಣೂದಿಲ್ಲ" ಎನ್ನುತ್ತಿದ್ದರು. ನಡೆಯುವುದನ್ನು ಕಲಿಸಿದ ಅವರೂ ಸಾಗವಾನಿಯ ಆಚೆ ಏನನ್ನೂ ನೋಡಲು ಕಲಿಸಲಿಲ್ಲ. ಅವರಿಗೂ ಯಾರೂ ಕಲಿಸಿರಲಿಲ್ಲ.

ನಮ್ಮ ಸಸ್ಯಪಾಲನಾ ಕೇಂದ್ರಕ್ಕೆ ಹಸಿರು ನೆರಳುಪರದೆ ಬಂದ ವರ್ಷ ನನಗೆ ಮೊದಲ ಅನುಮಾನ ಹುಟ್ಟಿತು. ಒಂದೇ ಪರದೆಯ ಕೆಳಗೆ ಸಾಗವಾನಿ ಸಸಿಗಳನ್ನೂ ನೇರಳೆ ಸಸಿಗಳನ್ನೂ ಇಟ್ಟಿದ್ದೆವು. ಸಾಗವಾನಿ ಬೆಳಕಿಗಾಗಿ ಹಂಬಲಿಸಿ, ದಂಟು ಸಣ್ಣಗಾಗಿ, ಹಳದಿ ಬಣ್ಣಕ್ಕೆ ತಿರುಗಿತು. ನೇರಳೆ ಮಾತ್ರ ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿ ಕುಳಿತಿತ್ತು. ಎಲ್ಲ ಮರಗಳೂ ಒಂದೇ ರೀತಿ ಬದುಕುವುದಿಲ್ಲ ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಿಂದ ಕಂಡದ್ದು ಅಂದು.

ಮುಂದೆ ವಲಯ ಅರಣ್ಯಾಧಿಕಾರಿಯಾಗಿ ಕಲಘಟಗಿ ಕಡೆಗೆ ಹೋದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಅಕೇಶಿಯಾ ಗುಡ್ಡ. ಒಂದು ಕಾಲಕ್ಕೆ ಬೋಳಾಗಿ ಹೋಗಿದ್ದ ಗುಡ್ಡವನ್ನು ಬೇಗ ಹಸಿರು ಮಾಡಬೇಕೆಂದು ಹಿಂದಿನವರು ಅಕೇಶಿಯಾ ನೆಟ್ಟಿದ್ದರು. ಅದು ಬೆಳೆಯಿತು, ಬಲಿಯಿತು, ಒಳಗೆ ಮಬ್ಬುಗತ್ತಲು ಕವಿಯಿತು. ಕಾಲಿಟ್ಟರೆ ಒಣಗಿದ ಎಲೆಗಳು ಚರಚರ ಅನ್ನುತ್ತಿದ್ದವು. ಆ ಗುಡ್ಡವನ್ನು ಪೂರ್ತಿ ಕಡಿದು, ಜೆಸಿಬಿಯಿಂದ ಗುಂಡಿ ತೋಡಿಸಿ, ಹೊಸದಾಗಿ ಸಸಿ ನೆಡಬೇಕೆಂದು ಯೋಜನೆ ಮೊದಲೇ ಸಿದ್ಧವಾಗಿತ್ತು. ಕಡಿಯುವ ಮರಗಳಿಗೆ ಗುರುತು ಹಾಕಿಸುವುದಷ್ಟೇ ನನ್ನ ಕೆಲಸ.

ಗುರುತು ಹಾಕುವ ದಿನಗಳಲ್ಲಿ ನನ್ನ ಜೊತೆ ಇದ್ದವರು ಆ ಗಸ್ತಿನ ಅರಣ್ಯ ರಕ್ಷಕ ಮೆಹಬೂಬಸಾಬ. ನನ್ನದೇ ವಯಸ್ಸು. ಮಾತು ಬಲು ಇಷ್ಟ. ಹಾವು ಕಂಡರೆ ಮಾತ್ರ ಮೌನ. ಒಂದು ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಲು ಪಡುವಣ ಇಳಿಜಾರಿನಲ್ಲಿ ಕುಳಿತೆವು. ಕುಳಿತಾಗ ನನ್ನ ಕಣ್ಣು ಮೊಣಕಾಲಿನ ಮಟ್ಟಕ್ಕೆ ಬಂತು. ನಿಂತು ಓಡಾಡುವಾಗ ಕಾಣದ್ದು ಆಗ ಕಂಡಿತು. ಅಕೇಶಿಯಾ ಕಾಂಡಗಳ ನಡುವೆ ಎಲ್ಲೆಲ್ಲೂ ಪುಟ್ಟ ಪುಟ್ಟ ಗಿಡಗಳು. ನೇರಳೆ, ಬೀಟೆ, ಅಲ್ಲೊಂದು ಇಲ್ಲೊಂದು ಹೊನ್ನೆ. ಒಂದೂ ಮೊಣಕಾಲಿಗಿಂತ ಎತ್ತರವಿಲ್ಲ.

"ಇವು ಯಾವಾಗಿಂದ ಅದಾವ್ರಿ ಇಲ್ಲಿ, ಮೆಹಬೂಬಸಾಬ್ರ?"

"ನಾ ಈ ಕಡೆ ಬಂದಾಗಿಂದ ಅದಾವ್ರಿ, ಮೇಡಮ್ಮಾರ. ಬೆಳಿಯೂದಿಲ್ಲ, ಸಾಯೂದೂ ಇಲ್ಲ. ಇದ್ದಷ್ಟ ಅದಾವ."

ಮೆಹಬೂಬಸಾಬ ಅಲ್ಲಿಗೆ ಬಂದು ಬಹಳ ವರ್ಷವಾಗಿತ್ತು. ನಾನು ರೊಟ್ಟಿ ಬದಿಗಿಟ್ಟು ಒಂದು ನೇರಳೆ ಗಿಡದ ಮುಂದೆ ಮಂಡಿಯೂರಿದೆ. ಎಲೆಗಳು ಅಗಲವಾಗಿದ್ದವು, ತೆಳ್ಳಗಿದ್ದವು, ಕಡುಹಸಿರು ಬಣ್ಣದವು. ಬಯಲಿನ ನೇರಳೆ ಎಲೆಯನ್ನು ಮುಟ್ಟಿದರೆ ಚರ್ಮದ ಹಾಗೆ ಬಿರುಸಾಗಿರುತ್ತದೆ; ಇದು ಮೆತ್ತಗೆ ಕಾಗದದ ಹಾಗಿತ್ತು. ಕೊಂಬೆಗಳು ಮೇಲಕ್ಕೆ ಹೋಗದೆ ಪಕ್ಕಕ್ಕೆ ಚಾಚಿದ್ದವು. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಬರದಂತೆ, ಪಂಕ್ತಿಯಲ್ಲಿ ಬಾಳೆಎಲೆ ಹಾಸಿದ ಹಾಗೆ ಜೋಡಿಸಿಕೊಂಡಿದ್ದವು. ಮೇಲಿನಿಂದ ಸೋರಿ ಬರುವ ಒಂದಿಷ್ಟು ಬೆಳಕಿನಲ್ಲಿ ಒಂದು ಹನಿಯನ್ನೂ ಕಳೆಯದೆ ಹಿಡಿಯುವುದಕ್ಕೆ ಗಿಡ ಮಾಡಿಕೊಂಡ ವ್ಯವಸ್ಥೆ ಅದು. ಇದ್ದ ಬೆಳಕಿನಲ್ಲಿ ಬದುಕುವುದು, ಎತ್ತರಕ್ಕೆ ಖರ್ಚು ಮಾಡದಿರುವುದು.

ಹಾಗಾದರೆ ಇಷ್ಟು ವರ್ಷ ಗಳಿಸಿದ್ದನ್ನು ಎಲ್ಲಿ ಇಟ್ಟಿದೆ? ಮೆಹಬೂಬಸಾಬರ ಕೈಯಿಂದ ಹಾರೆ ತೆಗೆದುಕೊಂಡು ಅಗೆಯತೊಡಗಿದೆ. ಆಮೇಲೆ ಅವರೂ ಅಗೆದರು. ತಾಯಿಬೇರು ಮುಗಿಯಲೇ ಇಲ್ಲ. ಮೇಲಿನ ದಂಟು ಬೆರಳಿನ ಗಾತ್ರ, ಕೆಳಗಿನ ಬೇರು ಮುಂಗೈ ಗಾತ್ರ. ಹೊರಗೆ ತೆಗೆದು ಒರಗಿಸಿದರೆ ನನ್ನ ಎದೆಯವರೆಗೆ ಬಂತು.

"ಯಾ ಅಲ್ಲಾ!" ಅಂದರು ಮೆಹಬೂಬಸಾಬ. "ಇದು ನೆಲದಾಗ ದೊಡ್ಡ ಗಿಡ ಆಗಿ ಕುಂತೈತಲ್ರಿ!"

ಮರುದಿನ ಆ ಬೇರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಧಾರವಾಡಕ್ಕೆ ಹೋದೆ. ನಮ್ಮ ಡಿಎಫ್‌ಓ ಆಗಿದ್ದವರು, ಅಂದರೆ ಇಡೀ ವಿಭಾಗದ ಅರಣ್ಯಾಧಿಕಾರಿ, ನಾಡಗೌಡ ಸಾಹೇಬರು. ಇಸ್ತ್ರಿ ಕೆಡದ ಅಂಗಿ, ಒಪ್ಪವಾದ ಮೇಜು. ನಾನು ಅವರ ಮೇಜಿನ ಮೇಲೆಯೇ ಗೋಣಿ ಬಿಚ್ಚಿದೆ. ಕೆಮ್ಮಣ್ಣು ಮೇಜಿನ ಗಾಜಿನ ಮೇಲೆ ಉದುರಿತು.

"ಇದೇನ್ರಿ ಮೇಡಮ್? ನನ್ನ ಟೇಬಲ್ ಮ್ಯಾಲ ಹೊಲಾನ ತಂದು ಸುರುವಿದ್ರಲ್ಲ!"

"ಸರ್, ಮ್ಯಾಲಿನ ದಂಟು ನೋಡ್ರಿ. ಈಗ ಬೇರು ನೋಡ್ರಿ."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬೇರನ್ನು ಕೈಯಲ್ಲಿ ಹಿಡಿದು ತೂಗಿದರು. "ಎಷ್ಟವ ಇಂಥಾವು?"

"ಕಾಲಿಟ್ಟಲ್ಲೆಲ್ಲ ಅದಾವ್ರಿ. ಜೆಸಿಬಿ ಬಂದ್ರ ಒಂದೂ ಉಳಿಯೂದಿಲ್ಲ. ನಾ ಅಕೇಶಿಯಾ ಕಡಿಯೂದ ಬ್ಯಾಡ ಅನ್ನಾಕತ್ತಿಲ್ರಿ. ವರ್ಷಾ ಒಂದಿಷ್ಟು ಕಡಿಯೋಣು. ಬೆಳಕ ಬಂದಂಗ ಇವು ಮ್ಯಾಲೇಳ್ತಾವ. ಗುಡ್ಡ ಒಂದು ದಿನಾನೂ ಬೋಳ ಆಗೂದಿಲ್ಲ."

"ಮಾತು ಛಲೋ ಐತಿ. ಆದ್ರ ನಾಳೆ ಮ್ಯಾಲಿನವರು ಬಂದು ಏನ್ ನೆಟ್ಟೀರಿ ಅಂತ ಕೇಳಿದ್ರ ಏನ್ ತೋರಸ್ಲಿ? ಮೊಣಕಾಲುದ್ದದ ಕಡ್ಡಿ ತೋರಸ್ಲೇನು?"

ಅವರ ಪ್ರಶ್ನೆ ತಪ್ಪಲ್ಲ. ಸಾಲಾಗಿ ನೆಟ್ಟ ಸಸಿಯನ್ನು ತೋರಿಸಬಹುದು, ಫೋಟೋ ತೆಗೆಯಬಹುದು. ತಾನಾಗಿ ನಿಂತ ಕಾಡನ್ನು ಯಾರ ಕೆಲಸವೆಂದು ಬರೆಯುವುದು? ಕೊನೆಗೆ ಅವರು ಗುಡ್ಡವನ್ನು ಎರಡು ಪಾಲು ಮಾಡಿದರು. ಮೂಡಣ ಮಗ್ಗಲು ಯೋಜನೆಯ ಪ್ರಕಾರ ಪೂರ್ತಿ ಕಡಿದು ನೆಡುವುದು. ಪಡುವಣ ಮಗ್ಗಲು ನನಗೆ. ಅದು ಕಡಿದಾದ ಇಳಿಜಾರು. ಜೆಸಿಬಿ ಹತ್ತುವುದು ಹೇಗೂ ಕಷ್ಟವಿತ್ತು. ಆ ಮಗ್ಗಲಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿಯುತ್ತದೆ ಎಂಬುದು ಆ ಕ್ಷಣ ಇಬ್ಬರ ತಲೆಗೂ ಬರಲಿಲ್ಲ.

ಸಾಹೇಬರಿಗಿಂತ ಕಷ್ಟದ ಪರೀಕ್ಷೆ ಊರಿನಲ್ಲಿತ್ತು. ಗುಡ್ಡದ ಕೆಳಗಿನ ಹಳ್ಳಿಯ ಹೆಂಗಸರು ಅಲ್ಲಿಂದಲೇ ಉರುವಲು ತರುತ್ತಿದ್ದರು. ಗುಡ್ಡ ಪೂರ್ತಿ ಕಡಿದರೆ ಒಂದೇ ಸಲಕ್ಕೆ ಊರ ತುಂಬ ಕೆಲಸ, ಮನೆ ತುಂಬ ಕಟ್ಟಿಗೆ. ನಾನು ಅದನ್ನು ತಪ್ಪಿಸಲು ಬಂದವಳು. ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಗಂಡಸರು ಗೊಣಗಿದರು. ಎದ್ದು ನಿಂತು ಕೇಳಿದವಳು ನೀಲವ್ವ. ಗಟ್ಟಿ ದನಿಯ, ಗಟ್ಟಿ ಮೈಯ ಹೆಂಗಸು. ಉರುವಲಿಗೆ ಹೋಗುವ ಹೆಂಗಸರಿಗೆಲ್ಲ ಅವಳೇ ಮುಂದಾಳು.

"ಅಕ್ಕಾರ, ನಿಮ್ಮ ಸಣ್ಣ ಗಿಡದ ಕತಿ ಕೇಳಿದ್ವಿ. ನಮ್ಮ ಒಲೀದು ಏನ್ ಮಾಡ್ತೀರಿ, ಅದನ್ನ ಹೇಳ್ರಿ."

"ವರ್ಷಾ ಒಂದಿಷ್ಟು ಅಕೇಶಿಯಾ ಕಡಿತೇವಿ, ನೀಲವ್ವ. ಟೊಂಗಿ ಎಲ್ಲಾ ಊರಿಗೆ. ಈ ವರ್ಷಾನೂ ಸಿಗ್ತೈತಿ, ಬರೂ ವರ್ಷಾನೂ ಸಿಗ್ತೈತಿ."

"ಬರೂ ವರ್ಷ ನಿಮಗ ಬ್ಯಾರೆ ಊರಿಗೆ ವರ್ಗಾ ಆದ್ರ?"

ಸಭೆ ನಕ್ಕಿತು. ಆಗ ನೀಲವ್ವನೇ ದಾರಿ ತೋರಿಸಿದಳು. ಕಡಿಯುವ ಕ್ರಮವನ್ನು, ಊರಿನ ಪಾಲನ್ನು ಸಮಿತಿಯ ಠರಾವಾಗಿ ಬರೆದು ಸಾಹೇಬರ ಸಹಿ ಹಾಕಿಸಬೇಕು. ಅಧಿಕಾರಿ ಬದಲಾದರೂ ಅದು ಬದಲಾಗಬಾರದು. ನಾಡಗೌಡ ಸಾಹೇಬರು ಸಹಿ ಹಾಕಿದರು. ಕಾಡು ಬಾಳಬೇಕಾದರೆ ಅದರ ಮಗ್ಗುಲಲ್ಲಿ ಬದುಕುವವರ ಒಲೆಯೂ ಉರಿಯಬೇಕು. ಹೊಸಬರು ಇದನ್ನು ಮರೆಯಬಾರದು.

ಇನ್ನೊಂದು ತೊಡಕಿತ್ತು. ಕಟ್ಟಿಗೆ ಎಳೆಯುವಾಗ ಹೆಂಗಸರು ದಾರಿಗೆ ಅಡ್ಡಬಂದ ಸಣ್ಣ ಗಿಡಗಳನ್ನು ಕುಡಗೋಲಿನಿಂದ ಸವರುತ್ತಿದ್ದರು. ಯಾವುದು ಕಳೆ, ಯಾವುದು ಮರದ ಸಸಿ ಎಂದು ಓಟದಲ್ಲಿ ತಿಳಿಯುತ್ತಿರಲಿಲ್ಲ. ನೀಲವ್ವ ಮನೆಮನೆಯಿಂದ ಹಳೆಯ ಕುಪ್ಪಸದ ಖಣದ ಚೂರುಗಳನ್ನು ಕೂಡಿಸಿದಳು. ಹೆಂಗಸರು ಗುಡ್ಡದ ತುಂಬ ಓಡಾಡಿ ಸಸಿಗಳಿಗೆ ಆ ಚೂರುಗಳನ್ನು ಕಟ್ಟಿದರು. ಕೆಂಪು, ಹಸಿರು, ಇಳಕಲ್ ಸೀರೆಯ ಅಂಚಿನ ಬಣ್ಣಗಳು. ತಪಾಸಣೆಗೆ ಬಂದ ಸಾಹೇಬರು ಒಂದು ಚೂರನ್ನು ಬೆರಳಿನಿಂದ ಎತ್ತಿ ನೋಡಿದರು.

"ಇದೇನ್ರಿ, ಗಿಡಗಳಿಗೆಲ್ಲ ಉಡಿ ತುಂಬೀರೇನು?"

"ಹೌದ್ರಿ ಸಾಹೇಬ್ರ" ಎಂದಳು ನೀಲವ್ವ. "ನಮ್ಮೂರ ಹೆಣಮಕ್ಕಳ ಅದಾವ ಇವು. ಕುಡಗೋಲ ಹಚ್ಚೂದಿಲ್ಲ."

ಚಳಿಗಾಲ ಮುಗಿಯುತ್ತ ಬಂದಾಗ ಮೊದಲ ಕಡಿತ ನಡೆಯಿತು. ಎಷ್ಟು ಮರಗಳಿಗೆ ಒಂದನ್ನು ತೆಗೆಯಬೇಕು ಎಂಬ ಲೆಕ್ಕವನ್ನು ನಮ್ಮ ಕೈಪಿಡಿ ಹೇಳಿದ ಹಾಗೆಯೇ ಇಟ್ಟೆವು. ಗುಡ್ಡದೊಳಗೆ ಮೊದಲ ಬಾರಿ ಬಿಸಿಲಿನ ತೇಪೆಗಳು ಬಿದ್ದವು. ನಾನೂ ಮೆಹಬೂಬಸಾಬರೂ ಮದುವೆ ಮುಗಿಸಿದ ಬೀಗರಂತೆ ಸಂತೋಷಪಟ್ಟೆವು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಬೇಸಿಗೆ ಏರಿತು. ಪಡುವಣ ಬಿಸಿಲು ಸಸಿಗಳ ಮೇಲೆ ನೇರ ಬಿತ್ತು. ಮೊದಲು ಎಲೆಯ ಅಂಚು ಕಂದಿತು, ಆಮೇಲೆ ನಡುವೆ ಬಿಳಿಚಿಕೊಂಡಿತು, ಕೊನೆಗೆ ಎಲೆಗಳು ಒಂದೊಂದೇ ಉದುರಿದವು. ನೆರಳಿಗೆಂದು ಮಾಡಿಕೊಂಡ ತೆಳು ಎಲೆ ಬಿಸಿಲನ್ನು ಹೇಗೆ ತಡೆದೀತು? ಗುಡ್ಡದ ತುಂಬ ಬರಿ ಕಡ್ಡಿಗಳು. ಕಡ್ಡಿಗಳಿಗೆ ಕಟ್ಟಿದ ಖಣದ ಚೂರುಗಳು ಮಾತ್ರ ಗಾಳಿಗೆ ಹಾರಾಡುತ್ತಿದ್ದವು. ಊರಿನಲ್ಲಿ ಹಾದುಹೋಗುವಾಗ ಗಂಡಸರು ಬೇಕೆಂದೇ ಗಟ್ಟಿಯಾಗಿ, "ಅಕ್ಕಾರ ಗಿಡ ಬಿಸಿಲಿಗೆ ಹಪ್ಪಳ ಆದೂವು" ಅನ್ನುತ್ತಿದ್ದರು.

ನಾಡಗೌಡ ಸಾಹೇಬರು ಬಂದರು. ಈ ಸಲ ನಗೆ ಇರಲಿಲ್ಲ. ಮೂಡಣ ಮಗ್ಗಲಿನಲ್ಲಿ ಜೆಸಿಬಿ ಗುಂಡಿ ತೋಡುತ್ತಿದ್ದ ಸದ್ದು ಗುಡ್ಡದ ಆಚೆಯಿಂದ ಕೇಳಿಸುತ್ತಿತ್ತು.

"ಮೇಡಮ್, ಸತ್ತಾವ. ಇನ್ನ ಹಟಾ ಬ್ಯಾಡ. ಅಲ್ಲಿ ಕೆಲಸ ಮುಗಿದ ಕೂಡ್ಲೇ ಜೆಸಿಬಿ ಈ ಕಡೆ ಕಳಸ್ತೇನಿ. ಹತ್ತಿದಷ್ಟು ಹತ್ತಲಿ."

ನಾನು ಬಗ್ಗಿ ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿರಿತ್ತು. ಇನ್ನೊಂದನ್ನು ಕೆರೆದೆ. ಅಲ್ಲೂ ಹಸಿರು.

"ಎಲಿ ಹೋಗ್ಯಾವ್ರಿ ಸರ್, ಗಿಡ ಹೋಗಿಲ್ಲ. ಇವು ನೆರಳಿನ ಎಲಿ, ಬಿಸಿಲಿಗೆ ಕೆಲಸಕ್ಕ ಬರೂದಿಲ್ಲಂತ ಬಿಟ್ಟಾವ. ಹೊಸಾವು ಮಾಡ್ಕೋಬೇಕಂದ್ರ ನೀರ ಬೇಕು. ಅಡ್ಡಮಳಿ ತನಕ ಬಿಡ್ರಿ."

"ಚಿಗೀಲಿಲ್ಲಂದ್ರ?"

"ಚಿಗೀಲಿಲ್ಲಂದ್ರ ಜೆಸಿಬಿ ಮುಂದ ನಾನ ನಿಂತು ದಾರಿ ತೋರಸ್ತೇನ್ರಿ."

ಅವರು ಬಗ್ಗಿ ಆ ಕೆರೆದ ಜಾಗ ನೋಡಿದರು. ಬಳಿಕ ತಾವೂ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದರು. "ಅಡ್ಡಮಳಿ ತನಕ. ಆಮ್ಯಾಲ ನಾ ಯಾರ ಮಾತೂ ಕೇಳೂದಿಲ್ಲ" ಎಂದು ಜೀಪು ಹತ್ತಿದರು.

ಆ ವರ್ಷ ಮುಂಗಾರಿಗೆ ಮೊದಲು ಬರುವ ಅಡ್ಡಮಳೆ ನಮ್ಮನ್ನು ಚೆನ್ನಾಗಿ ಕಾಯಿಸಿತು. ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಹುಬ್ಬಳ್ಳಿಯ ಕಡೆಗೆ ಹೋಗಿ ಸುರಿಯುತ್ತಿತ್ತು. ಮೆಹಬೂಬಸಾಬ ದಿನಾ ಆಕಾಶಕ್ಕೆ ಬೈಯುತ್ತಿದ್ದರು. ಕೊನೆಗೊಂದು ಸಂಜೆ ಆಲಿಕಲ್ಲಿನ ಜೊತೆಗೆ ಗುಡ್ಡದ ಮೇಲೆಯೇ ಬಿತ್ತು. ಕೆಲವು ದಿನ ಬಿಟ್ಟು ಮತ್ತೊಂದು ಹದ ಮಳೆ. ನನಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಕಚೇರಿಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಕುಳಿತಿದ್ದೆ. ಹೊರಗೆ ನೀಲವ್ವನ ದನಿ ಕೇಳಿತು. ಅವಳು ಆವರೆಗೆ ಎಂದೂ ನಮ್ಮ ಕಚೇರಿಗೆ ಬಂದವಳಲ್ಲ. ಮೆಟ್ಟಿಲ ಕೆಳಗಿಂದಲೇ ಕೂಗಿದಳು:

"ಅಕ್ಕಾರ, ಲಗೂ ಬರ್ರಿ! ನಿಮ್ಮ ಹೆಣಮಕ್ಕಳು ಎದ್ದು ಕುಂತಾವ!"

ಹೋಗಿ ನೋಡಿದೆವು. ಗುಡ್ಡದ ತುಂಬ ತಾಮ್ರ ಬಣ್ಣದ ಚಿಗುರು. ಒಂದೊಂದು ಕಡ್ಡಿಯ ಗೆಣ್ಣಿನಿಂದಲೂ ಮೊಳಕೆ ಒಡೆದಿತ್ತು. ಕೆಲವು ಕಡ್ಡಿಗಳು ಮೇಲೆ ಒಣಗಿ, ಬುಡದಿಂದ ಹೊಸ ದಂಟನ್ನು ಎಬ್ಬಿಸಿದ್ದವು. ಮುಂಗಾರು ಹಿಡಿಯುವ ಹೊತ್ತಿಗೆ ಆ ಚಿಗುರು ಬಲಿತ ಎಲೆಯಾಯಿತು. ಹಳೆಯ ಎಲೆಯಂತೆ ಅಲ್ಲ. ಚಿಕ್ಕದು, ದಪ್ಪನೆಯದು, ಎಣ್ಣೆ ಸವರಿದಂತೆ ಹೊಳೆಯುವಂಥದು; ಬಿಸಿಲಿಗೆ ಅಂಗೈ ಒಡ್ಡದೆ ಓರೆಯಾಗಿ ನಿಂತದ್ದು. ಅದೇ ಗಿಡ, ಅದೇ ಬೇರು, ಬೇರೆಯೇ ಎಲೆ. ಆಮೇಲೆ ಆ ಬೇರು ವರ್ಷಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಮೇಲಕ್ಕೆ ಕಳಿಸತೊಡಗಿತು. ಮಳೆಗಾಲ ಮುಗಿಯುವಷ್ಟರಲ್ಲಿ ನೇರಳೆ ನನ್ನ ಭುಜ ದಾಟಿತ್ತು. ಮೆಹಬೂಬಸಾಬ ಪಕ್ಕದಲ್ಲಿ ನಿಂತು ಎತ್ತರ ನೋಡಿಕೊಂಡು, "ಇದಕ್ಕ ಈಗ ಲಗ್ನದ ವಯಸ್ಸ್ರಿ" ಎಂದರು.

ಸಾಹೇಬರು ಮತ್ತೆ ಬಂದರು. ಕಡಿಯದ ಜಾಗದ ನೆರಳಿನಿಂದ ಒಂದು ಎಲೆ, ಬಿಸಿಲಿನ ಜಾಗದಿಂದ ಒಂದು ಎಲೆ ಕಿತ್ತು ಅವರ ಕೈಗಿಟ್ಟೆ. ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ತಿಕ್ಕಿ ನೋಡಿದರು.

"ಎರಡೂ ನೇರಳಿನ?"

"ಎರಡೂ ನೇರಳೀರಿ."

"ಮ್ಯಾಲಿನವರು ಬಂದ್ರ ಇನ್ನ ನಾ ಇದನ್ನ ತೋರಸ್ತೇನಿ" ಎಂದು ಎರಡೂ ಎಲೆಗಳನ್ನು ಇಸ್ತ್ರಿ ಮಾಡಿದ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಖರೇನೇ ತೋರಿಸಿದರು. ಮರುವರ್ಷ ಬೆಂಗಳೂರಿನಿಂದ ಬಂದ ಹಿರಿಯರನ್ನು ಮೊದಲು ಕರೆತಂದದ್ದು ನನ್ನ ಮಗ್ಗಲಿಗೆ. ಮೂಡಣ ಮಗ್ಗಲಿನಲ್ಲಿ ನೆಟ್ಟ ಸಸಿಗಳನ್ನು ಅಷ್ಟರಲ್ಲಿ ಲಂಟಾನ ಕಳೆ ನುಂಗಿತ್ತು; ಮತ್ತೆ ನೆಡಬೇಕಾಯಿತು.

ಆ ಬೇಸಿಗೆ ಕಲಿಸಿದ್ದು ನಮ್ಮ ವಿಧಾನವನ್ನೇ ಬದಲಿಸಿತು. ಬೇಸಿಗೆಯ ಬಾಯಿಗೆ ಮರ ಕಡಿದು ಒಮ್ಮೆಲೇ ಬಿಸಿಲು ಬಿಡುವುದನ್ನು ನಿಲ್ಲಿಸಿದೆವು. ಮಳೆಗಾಲ ಶುರುವಾಗುವಾಗ ತೆಗೆಯಬೇಕಾದ ಅಕೇಶಿಯಾ ಕಾಂಡದ ಸುತ್ತ ತೊಗಟೆಯನ್ನು ಒಂದು ಪಟ್ಟಿಯಷ್ಟು ಸುಲಿದು ಬಿಡುತ್ತಿದ್ದೆವು. ಮರ ನಿಂತಲ್ಲೇ ನಿಧಾನಕ್ಕೆ ಎಲೆ ಉದುರಿಸಿ ಒಣಗುತ್ತಿತ್ತು. ಮೋಡದ ದಿನಗಳಲ್ಲಿ ಬೆಳಕು ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತಿತ್ತು. ಕೆಳಗಿನ ಸಸಿ ಅದಕ್ಕೆ ತಕ್ಕಂತೆ ಹೊಸ ಎಲೆ ಮಾಡಿಕೊಳ್ಳುತ್ತಿತ್ತು. ಬೇಸಿಗೆ ಬರುವಷ್ಟರಲ್ಲಿ ಒಣಗಿದ ಮರವನ್ನು ಉರುಳಿಸಿ ಊರಿಗೆ ಹಂಚುತ್ತಿದ್ದೆವು. ಕಟ್ಟಿಗೆ ಒಣಗಿಯೇ ಸಿಗುತ್ತದೆ ಎಂದು ಹೆಂಗಸರಿಗೂ ಖುಷಿ. ಪಕ್ಕದ ವಲಯಗಳವರು ನೋಡಲು ಬಂದರು, ತಮ್ಮ ಗುಡ್ಡಗಳಲ್ಲಿ ಮಂಡಿಯೂರಿ ಹುಡುಕಿದರು. ಬಹಳ ಕಡೆ ಅವರಿಗೂ ಇಂಥ ಗಿಡಗಳು ಸಿಕ್ಕವು.

ನೀಲವ್ವ ಹೆದರಿದಂತೆ ನನಗೆ ವರ್ಗವೂ ಆಯಿತು. ಆದರೆ ಠರಾವು ಅಲ್ಲೇ ಉಳಿಯಿತು. ನನ್ನ ನಂತರ ಬಂದವರೂ ಕ್ರಮ ತಪ್ಪಿಸಲಿಲ್ಲ. ನಿವೃತ್ತಿಗೆ ಮೊದಲು ಅದೇ ಉಪವಿಭಾಗಕ್ಕೆ ಮರಳಿದಾಗ ಪಡುವಣ ಮಗ್ಗಲಿನಲ್ಲಿ ಒಂದೇ ಒಂದು ಅಕೇಶಿಯಾ ಉಳಿದಿತ್ತು. ದೊಡ್ಡದು, ಕವಲೊಡೆದದ್ದು. ಅದನ್ನು ಕಡಿಯುವ ದಿನ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಿವೃತ್ತ ಜೀವನ ಮಾಡುತ್ತಿದ್ದ ನಾಡಗೌಡ ಸಾಹೇಬರನ್ನು ಕರೆದುಕೊಂಡು ಹೋದೆ. ಕೈಯಲ್ಲಿ ಕೋಲು ಬಂದಿತ್ತು. ಅಂಗಿಯ ಇಸ್ತ್ರಿ ಹಾಗೇ ಇತ್ತು. ಮರಗಳ ಕೆಳಗೆ ಮೆಲ್ಲಗೆ ನಡೆಯುತ್ತ ಕಾಂಡಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿಗಳು ನೇರಳೆ ಹಣ್ಣಿಗಾಗಿ ಜಗಳಾಡುತ್ತಿದ್ದವು.

"ಇದರಾಗ ನೀವು ನೆಟ್ಟದ್ದು ಯಾವುದ್ರಿ, ಮೇಡಮ್?"

"ಒಂದೂ ನೆಟ್ಟಿಲ್ರಿ, ಸರ್."

ಅವರು ನಿಂತರು. ಕೋಲಿನ ಮೇಲೆ ಎರಡೂ ಕೈ ಊರಿ ಮನಸಾರೆ ನಕ್ಕರು. "ನನ್ನ ಸರ್ವಿಸ್‌ನ್ಯಾಗ ಇಷ್ಟು ಛಲೋ ಪ್ಲಾಂಟೇಶನ್ ಯಾರೂ ಮಾಡಿಲ್ಲ ಬಿಡ್ರಿ" ಅಂದರು.

ಕೂಲಿಯವರು ಗರಗಸ ಹಿಡಿದು ಸಿದ್ಧರಾಗಿದ್ದರು. ಊರಿನ ಹೆಂಗಸರು ಹಗ್ಗ, ಸಿಂಬಿ ಹಿಡಿದು ಬಂದಿದ್ದರು. ನೀಲವ್ವನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಇಳಿದಿರಲಿಲ್ಲ. ಕೊನೆಯ ಅಕೇಶಿಯಾ ನರಳಿ, ವಾಲಿ, ಪಕ್ಕದ ನೇರಳೆ ಮರಕ್ಕೆ ಒಂದು ಗೀರೂ ಹಾಕದೆ ಇಳಿಜಾರಿನ ಕಡೆ ಬಿತ್ತು. ಧೂಳು ಕೆಳಗಿಳಿಯಿತು. ಅಷ್ಟು ದೊಡ್ಡ ಮರ ಹೋದ ಮೇಲೆ ದೊಡ್ಡ ಕಿಂಡಿಯೇ ಬಿದ್ದಿರಬೇಕೆಂದು ಎಲ್ಲರೂ ತಲೆಯೆತ್ತಿದೆವು. ಕಂಡದ್ದು ಒಂದು ರೊಟ್ಟಿಯಷ್ಟಗಲ ಆಕಾಶ. ಉಳಿದದ್ದೆಲ್ಲ ಎಲೆ.

ನೀಲವ್ವ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಗುಡ್ಡಕ್ಕೆಲ್ಲ ಕೇಳುವಂತೆ ಅಂದಳು:

"ಇಷ್ಟು ವರ್ಷ ಕಡದ ಕಡದ್ವಿ, ಒಲಿ ಆರಲಿಲ್ಲ. ಅಡವಿನೂ ತೀರಲಿಲ್ಲಲ್ರಿ, ಅಕ್ಕಾರ!"